ಮಳೆಗೆ ಲೆಕ್ಕವಿದೆ, ಗಾಳಿಗಿಲ್ಲ

2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದೇ ದಿನದಲ್ಲಿ ಇಷ್ಟು ಮಳೆ ಹಿಂದೆಂದೂ ಬಿದ್ದಿರಲಿಲ್ಲ, 1891ರ ಜೂನ್ 16ರ 101.6 ಮಿ.ಮೀ. ದಾಖಲೆ 133 ವರ್ಷಗಳ ಮೇಲೆ ಮುರಿಯಿತು ಎಂದು ಮರುದಿನವೇ ಪತ್ರಿಕೆಗಳಲ್ಲಿ ಬಂತು. ಅದೇ ಸಂಜೆ ನಗರದ ಉದ್ದಗಲಕ್ಕೂ ಮರಗಳು ಬುಡಮೇಲಾದವು, ಕಾರುಗಳು ಜಜ್ಜಿಹೋದವು, ವಿದ್ಯುತ್ ಕಂಬಗಳು ವಾಲಿದವು. ಇವನ್ನೆಲ್ಲ ಕೆಡವಿದ್ದು ಮುಖ್ಯವಾಗಿ ಗಾಳಿ. ಆ ಗಾಳಿಯನ್ನು ಮಾತ್ರ ಯಾವ ವರ್ಷದ ಯಾವ ಗಾಳಿಯ ಪಕ್ಕದಲ್ಲೂ ಯಾರೂ ಇಟ್ಟು ನೋಡಲಿಲ್ಲ. ನೋಡಲು ಏನಿದೆ? ನಮ್ಮಲ್ಲಿ ಮಳೆಗೆ ಚರಿತ್ರೆಯಿದೆ, ಬಿರುಗಾಳಿಗೆ ಬರೀ ಸುದ್ದಿಯಿದೆ. ಹೀಗೇಕಾಯಿತು, ಇದರಿಂದ ಏನು ನಷ್ಟ ಎಂಬುದನ್ನು ಬೆಂಗಳೂರಿನ ಹೊರಗಿನ, ಆನೇಕಲ್ ತಾಲ್ಲೂಕಿನ ಚಂದಾಪುರದ ಸುತ್ತಿನ ನೆಲವನ್ನು ಮುಂದಿಟ್ಟುಕೊಂಡು ಯೋಚಿಸುವುದು ಒಳ್ಳೆಯದು. ಒಂದು ಕಾಲಕ್ಕೆ ರಾಗಿ ಹೊಲ, ತೆಂಗಿನ ತೋಟ, ನೀಲಗಿರಿ ತೋಪುಗಳಿದ್ದ ಆನೇಕಲ್ ಸೀಮೆಯಲ್ಲಿ ಗಾಳಿಗೆ ಸಿಕ್ಕುವ ವಸ್ತುಗಳೇ ಈಗ ಬದಲಾಗಿವೆ.

ಮಳೆಯ ಲೆಕ್ಕ ಹುಟ್ಟಿದ್ದು ಹಸಿವು ಮತ್ತು ಕಂದಾಯದ ಒತ್ತಡದಿಂದ. ಧಾತು ಈಶ್ವರ ಬರವೆಂದು ಜನ ಇಂದಿಗೂ ನೆನೆಯುವ 1876–78ರ ಕ್ಷಾಮ ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತು. 1871ರಲ್ಲಿ ಐವತ್ತು ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಕೆರೆ ತುಂಬಿತೇ, ಬಿತ್ತನೆ ಆಯಿತೇ, ಕಂದಾಯ ಮನ್ನಾ ಮಾಡಬೇಕೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ತಾಲ್ಲೂಕು ಕಚೇರಿಯ ಅಂಗಳದ ಮಳೆಮಾಪಕದಲ್ಲಿತ್ತು. 1892ರ ಸುಮಾರಿಗೆ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಸಂಸ್ಥಾನದ ಹವಾಮಾನ ವ್ಯವಸ್ಥೆ ರೂಪುಗೊಂಡು, ಬೆಂಗಳೂರಿನ ಕೇಂದ್ರ ವೀಕ್ಷಣಾಲಯದ ಜೊತೆಗೆ ಮೈಸೂರು, ಹಾಸನ, ಚಿತ್ರದುರ್ಗಗಳಲ್ಲೂ ವೀಕ್ಷಣಾಲಯಗಳು ಬಂದವು. ಅಲ್ಲಿ ಗಾಳಿಯನ್ನೂ ಅಳೆಯುತ್ತಿದ್ದರು, ನಿಜ. ಆದರೆ ಗಾಳಿಯ ಅಳತೆ ಆ ಕೆಲವೇ ಊರುಗಳಿಗೆ ಸೀಮಿತವಾಯಿತು. ಮಳೆಯ ಅಳತೆ ತಾಲ್ಲೂಕು ತಾಲ್ಲೂಕಿಗೂ ಹಬ್ಬಿತು. ರೈತನ ಲೆಕ್ಕವೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ಅವನು ಎಣಿಸಿದ್ದು ಮಳೆಯನ್ನೇ. ಗಾಳಿ ಅವನ ಮಟ್ಟಿಗೆ ಮಾವಿನ ಕಾಯಿ ಉದುರಿಸುವ ಕೇಡು, ಅಷ್ಟೆ. ಅದನ್ನು ಬರೆದಿಟ್ಟುಕೊಂಡು ಯಾರಿಗೆ ಏನಾಗಬೇಕಿತ್ತು?

ಈ ಸೀಮೆಯ ಬಿರುಗಾಳಿ ಹುಟ್ಟುವ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲು ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕಾದಿರುತ್ತದೆ. ಒಳನಾಡಿನ ಉದ್ದಕ್ಕೂ, ಬಹುತೇಕ ಉತ್ತರ–ದಕ್ಷಿಣವಾಗಿ, ಎರಡು ಕಡೆಯ ಗಾಳಿಗಳು ಸಂಧಿಸುವ ಒಂದು ಗೆರೆ ಏರ್ಪಡುತ್ತದೆ. ಬಂಗಾಳ ಕೊಲ್ಲಿಯಿಂದಲೂ ಅರಬ್ಬಿ ಸಮುದ್ರದಿಂದಲೂ ಬಂದ ತೇವ ಅಲ್ಲಿ ಮೇಲೇರಿ ಸಂಜೆಗೆ ಗುಡುಗಿನ ಮೋಡವಾಗುತ್ತದೆ. ಮೋಡದ ತಳ ಎತ್ತರದಲ್ಲಿರುತ್ತದೆ, ಅದರ ಕೆಳಗಿನ ಗಾಳಿ ಒಣಗಿರುತ್ತದೆ. ಮಳೆಹನಿ, ಆಲಿಕಲ್ಲು ಬೀಳುತ್ತಾ ಆ ಒಣಗಾಳಿಯಲ್ಲಿ ಆವಿಯಾದಂತೆ, ಕರಗಿದಂತೆ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಆ ಭಾರದ ಗಾಳಿ ನೆಲಕ್ಕೆ ಅಪ್ಪಳಿಸಿ, ಸೆಗಣಿ ಸಾರಿಸುವಾಗ ಅಂಗಳಕ್ಕೆ ಸುರಿದ ನೀರಿನ ಹಾಗೆ ನಾಲ್ಕೂ ಕಡೆಗೆ ಚೆಲ್ಲುತ್ತದೆ. ಮಳೆಗೆ ಮೊದಲು ಬರುವ, ಧೂಳೆಬ್ಬಿಸುವ ಆ ತಣ್ಣನೆಯ ಗಾಳಿಯ ಹೊಡೆತ ಎಲ್ಲರಿಗೂ ಗೊತ್ತು. ಅದರ ಉಗ್ರ ರೂಪದ ಹರವು ನಾಲ್ಕು ಕಿಲೋಮೀಟರನ್ನೂ ಮೀರದಿರಬಹುದು, ಆಯುಷ್ಯ ಐದರಿಂದ ಹತ್ತು ನಿಮಿಷ ಇರಬಹುದು. ಬೊಮ್ಮಸಂದ್ರದಲ್ಲಿ ಶೀಟು ಹಾರಿಸಿದ ಗಾಳಿ ಅತ್ತಿಬೆಲೆಯಲ್ಲಿ ಒಣಗಲು ಹಾಕಿದ ಬಟ್ಟೆಯನ್ನೂ ಅಲುಗಿಸದೆ ಇರಬಹುದು.

ಚಂದಾಪುರಕ್ಕೆ ಹತ್ತಿರದ ಹುಸ್ಕೂರಿನ ಮದ್ದೂರಮ್ಮನ ಜಾತ್ರೆ ಇಂಥ ಗಾಳಿಗೆ ಲೆಕ್ಕವಿಲ್ಲದಿರುವುದಕ್ಕೆ ಕಹಿಯಾದ ಉದಾಹರಣೆ. ಸುತ್ತಲಿನ ಹಳ್ಳಿಗಳವರು ನೂರಡಿಗೂ ಎತ್ತರದ ತೇರುಗಳನ್ನು ಕಟ್ಟಿ, ಎತ್ತು–ಟ್ರ್ಯಾಕ್ಟರುಗಳಿಂದ ಎಳೆಸಿಕೊಂಡು, ಹಗ್ಗ ಹಿಡಿದು ಸಮತೋಲ ಕಾಯುತ್ತಾ ಹುಸ್ಕೂರಿಗೆ ತರುವುದು ಇಲ್ಲಿನ ಪದ್ಧತಿ. 2024ರ ಏಪ್ರಿಲ್ 6ರಂದು ಅಂಥ ಒಂದು ತೇರು ವಾಲಿ ಉರುಳಿತು, ಪ್ರಾಣಹಾನಿಯಾಗಲಿಲ್ಲ. 2025ರ ಮಾರ್ಚ್ 22ರಂದು ಮಳೆ–ಗಾಳಿಯ ನಡುವೆ ಮತ್ತೆ ತೇರು ಉರುಳಿತು. ಈ ಬಾರಿ ಜೀವಗಳು ಹೋದವು. ಎರಡೂ ಸುದ್ದಿಗಳು ‘ತೇರು ಉರುಳಿತು’ ಎಂಬ ಒಂದೇ ತಲೆಬರಹದಡಿ ನಮ್ಮ ನೆನಪಿನಲ್ಲಿ ಕೂತಿವೆ. ಆದರೆ ಎರಡೂ ಒಂದೇ ಅಲ್ಲ. 2024ರ ಏಪ್ರಿಲ್ ಇಡೀ ತಿಂಗಳು ಬೆಂಗಳೂರು ನಗರದ ಕೇಂದ್ರದಲ್ಲಿ ಅಳೆಯುವಷ್ಟು ಮಳೆಯೇ ಆಗಲಿಲ್ಲ. ಆದ್ದರಿಂದ ಮೊದಲ ಅವಘಡಕ್ಕೆ ಗುಡುಗು ಮಳೆಯನ್ನು ದೂರುವುದು ಕಷ್ಟ, ಸಮತೋಲದ ಕಡೆಗೇ ನೋಡಬೇಕು. ಇಷ್ಟು ಹೇಳಲು ಸಾಧ್ಯವಾದದ್ದು ಮಳೆಯ ಲೆಕ್ಕ ಇರುವುದರಿಂದ. ಎರಡನೆಯದರಲ್ಲಿ ತೇರಿನ ನೆತ್ತಿಯ ಮಟ್ಟದಲ್ಲಿ ಗಾಳಿ ಎಷ್ಟಿತ್ತು, ಅದು ಒಂದೇ ದಿಕ್ಕಿನ ಬೀಸೋ ಮೇಲಿನಿಂದ ಬಿದ್ದು ಚೆಲ್ಲಿದ್ದೋ ಎಂದು ಕೇಳಿದರೆ, ಅಕ್ಕಪಕ್ಕದ ತೋಟಗಳ ಮರಗಳು ಯಾವ ಕಡೆಗೆ ಬಿದ್ದವು ಎಂದು ಆ ವಾರವೇ ನಡೆದು ನೋಡಿದವರು ಮಾತ್ರ ಉತ್ತರಿಸಬಲ್ಲರು.

ಹೀಗೆ ನಡೆದು ನೋಡುವುದಕ್ಕೆ ಒಂದು ದೊಡ್ಡ ಪರಂಪರೆಯೇ ಇದೆ, ಅದರ ಒಂದು ಬೇರು ನಮ್ಮ ದೇಶದಲ್ಲೇ ಇದೆ. 1838ರ ಏಪ್ರಿಲ್ 8ರಂದು ಕಲ್ಕತ್ತೆಯ ಬಳಿ ಬೀಸಿದ ಸುಂಟರಗಾಳಿಯ ವಿವರ ಅದೇ ವರ್ಷ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. 1875ರಲ್ಲಿ ಹುಟ್ಟಿದ ಭಾರತ ಹವಾಮಾನ ಇಲಾಖೆ ಬಂಗಾಳದ ಕಾಲಬೈಶಾಖಿ ಎಂಬ ಬಿರುಗಾಳಿಯನ್ನು 1940ರ ದಶಕದ ಹೊತ್ತಿಗೇ ವಿಶೇಷವಾಗಿ ಅಭ್ಯಾಸ ಮಾಡಿತ್ತು. ಆದರೆ ಕೆಡವಿದ ವಸ್ತುಗಳನ್ನೇ ಓದುವ ವಿದ್ಯೆಯನ್ನು ಪಳಗಿಸಿದವರು ಜಪಾನಿನಿಂದ ಶಿಕಾಗೊಗೆ ಹೋದ ಟೆಡ್ ಫುಜಿತಾ. ಅಣುಬಾಂಬು ಬಿದ್ದ ಬಳಿಕ ನಾಗಸಾಕಿ, ಹಿರೋಷಿಮಾಗಳಲ್ಲಿ ಮರಗಳು ಬಿದ್ದಿದ್ದ ರೀತಿಯನ್ನು ಅವರು ನೋಡಿದ್ದರು. 1974ರ ಏಪ್ರಿಲ್ 3–4ರಂದು ಅಮೆರಿಕದಲ್ಲಿ 148 ಸುಂಟರಗಾಳಿಗಳು ಎದ್ದಾಗ, ವಿಮಾನದಿಂದ ಹಾನಿಯನ್ನು ಸಮೀಕ್ಷೆ ಮಾಡುತ್ತಾ ಪಶ್ಚಿಮ ವರ್ಜೀನಿಯಾದ ಕಾಡಿನಲ್ಲಿ ಅವರು ಕಂಡದ್ದು ಸುರುಳಿಯನ್ನಲ್ಲ, ಒಂದೇ ಬಿಂದುವಿನಿಂದ ಹೊರಕ್ಕೆ ಚೆದುರಿದಂತೆ ಮಲಗಿದ್ದ ಮರಗಳನ್ನು. ಸುಂಟರಗಾಳಿಯಲ್ಲಿ ಮರಗಳು ದಾರಿಯ ನಡುಗೆರೆಯ ಕಡೆಗೆ ಓಲುತ್ತವೆ. ಮೇಲಿನಿಂದ ಬಿದ್ದ ಗಾಳಿಯಲ್ಲಿ ಹೊರಕ್ಕೆ ಓಲುತ್ತವೆ. 1975ರ ಜೂನಿನಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿಯುತ್ತಿದ್ದ ವಿಮಾನವೊಂದು ನೆಲಕ್ಕಪ್ಪಳಿಸಿ ನೂರಕ್ಕೂ ಹೆಚ್ಚು ಜನ ಸತ್ತಾಗ ಕಾರಣ ಇಂಥದೇ ಬೀಳುಗಾಳಿ ಎಂದು ಫುಜಿತಾ ವಾದಿಸಿದರು. ಮೊದಮೊದಲು ಒಪ್ಪದವರು ಹಲವರಿದ್ದರು. 1980ರ ದಶಕದ ಕ್ಷೇತ್ರ ಅಧ್ಯಯನಗಳು ಅವರ ಮಾತನ್ನು ಗಟ್ಟಿಮಾಡಿದವು.

ಅಮೆರಿಕದ ಇನ್ನೊಂದು ಅನುಭವ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಸುಂಟರಗಾಳಿಯ ವಿಜ್ಞಾನ ಬಹುಕಾಲ ನಡುನಾಡಿನ ಬಯಲುಗಳದೇ ಆಗಿತ್ತು. ವೋರ್ಟೆಕ್ಸ್ ಎಂಬ ಹೆಸರಿನ ದೊಡ್ಡ ಅಭಿಯಾನಗಳು 1994–95ರಲ್ಲೂ 2009–10ರಲ್ಲೂ ಆ ಬಯಲುಗಳಲ್ಲೇ ಸುಂಟರಗಾಳಿಗಳನ್ನು ಬೆನ್ನಟ್ಟಿದವು. ಆಗ್ನೇಯದ ಅಲಬಾಮಾ, ಮಿಸಿಸಿಪಿಗಳಲ್ಲಿ ಪರಿಸ್ಥಿತಿ ಬೇರೆ. ಗುಡ್ಡ, ಕಾಡು, ರಾತ್ರಿಯ ಹೊತ್ತು, ಚಳಿಗಾಲದಲ್ಲೂ ಎದ್ದುಬರುವ ಮೋಡದ ಸಾಲುಗಳು, ತಳಪಾಯಕ್ಕೆ ಸರಿಯಾಗಿ ಬಿಗಿಯದ ಮನೆಗಳು. 2011ರ ಏಪ್ರಿಲ್ 27ರಂದು ಅಲಬಾಮಾ ಒಂದರಲ್ಲೇ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಭಾಗಕ್ಕೆಂದೇ ಮೀಸಲಾದ ಅಧ್ಯಯನ ಉತ್ತರ ಅಲಬಾಮಾದಲ್ಲಿ 2016ರಲ್ಲಿ ಕ್ಷೇತ್ರಕ್ಕಿಳಿಯಿತು. 2022, 2023ರ ವಸಂತಗಳಲ್ಲಿ ಪೆರಿಲ್ಸ್ ಎಂಬ ಅಭಿಯಾನ ಸಾಲುಮೋಡಗಳೊಳಗಿನ ಸುಂಟರಗಾಳಿಗಳ ಬೆನ್ನುಹತ್ತಿತು. ಹವಾಮಾನ ತಜ್ಞರ ಜೊತೆ ಸಮಾಜವಿಜ್ಞಾನಿಗಳನ್ನೂ ಸೇರಿಸಿಕೊಂಡದ್ದು ಆಗ್ನೇಯದ ಈ ಅಧ್ಯಯನದ ಹೆಚ್ಚುಗಾರಿಕೆ. ಒಂದು ಸೀಮೆಯ ಗಾಳಿಯನ್ನು ಇನ್ನೊಂದು ಸೀಮೆಯ ಪುಸ್ತಕದಿಂದ ಓದಲಾಗದು ಎಂದು ಅಷ್ಟು ಸಿರಿವಂತ ದೇಶಕ್ಕೂ ತಡವಾಗಿ ಗೊತ್ತಾಯಿತು. ನಮ್ಮಲ್ಲಿ ಸ್ಟಾರ್ಮ್ ಎಂಬ ರಾಷ್ಟ್ರೀಯ ಕಾರ್ಯಕ್ರಮ 2006ರಲ್ಲಿ ಶುರುವಾದದ್ದೂ ಪೂರ್ವ ಮತ್ತು ಈಶಾನ್ಯ ಭಾರತದಿಂದಲೇ. ದಕ್ಷಿಣಕ್ಕೆ ಸರದಿ ಬಂದದ್ದು ಆಮೇಲೆ.

ಇಲ್ಲೆಲ್ಲಿ ಸುಂಟರಗಾಳಿ, ಅಮೆರಿಕದ ಪೀಡೆಯನ್ನು ಆನೇಕಲ್ಲಿಗೆ ಏಕೆ ಎಳೆಯುತ್ತೀರಿ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅಮೆರಿಕದಂಥ ದೈತ್ಯ ಸುರುಳಿಗಳು ನಮ್ಮ ಬಯಲಿನಲ್ಲಿವೆ ಎಂದು ಹೇಳುವುದು ತಪ್ಪಾಗುತ್ತದೆ. ಆದರೆ ಕಟ್ಟಡಗಳ ಮೇಲಿನ ಗಾಳಿಯ ಹೊರೆ ಲೆಕ್ಕಹಾಕಲು ನಮ್ಮ ಎಂಜಿನಿಯರುಗಳು ಬಳಸುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗವನ್ನು ತೆರೆದು ನೋಡಿ. ಸುಂಟರಗಾಳಿ ಭಾರತದ ಹೆಚ್ಚುಕಡಿಮೆ ಯಾವ ಭಾಗದಲ್ಲಾದರೂ ಏಳಬಹುದು, ಉತ್ತರದಲ್ಲಿ ಹೆಚ್ಚು ತೀವ್ರ, ದಾಖಲಾದವು ತೀರ ಕಡಿಮೆಯಾದ್ದರಿಂದ ಎಷ್ಟಕ್ಕೊಮ್ಮೆ ಎಂದು ಹೇಳಲಾಗದು, ಹಾಗಾಗಿ ನಕ್ಷೆಯ ವೇಗಗಳಲ್ಲಿ ಅದನ್ನು ಸೇರಿಸಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಅದೇ ನಕ್ಷೆಯಲ್ಲಿ ಬೆಂಗಳೂರಿಗೆ ಕೊಟ್ಟ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ., ದೇಶದಲ್ಲೇ ಅತಿ ಕೆಳಗಿನ ವರ್ಗ. ಬೆಂಗಳೂರಿನ ಮಟ್ಟಿಗೆ ಈ ಅಂಕಿ ಸರಿಯಾಗಿಯೇ ಇರಬಹುದು. ಆದರೆ ಎಲ್ಲೋ ಒಂದು ಕಡೆ ನಿಂತಿರುವ ಮಾಪಕದ ಮೇಲೆ ನಾಲ್ಕು ಕಿಲೋಮೀಟರ್ ಅಗಲದ ಗಾಳಿ ಎಷ್ಟು ವರ್ಷಕ್ಕೊಮ್ಮೆ ಹಾದುಹೋದೀತು? ದಾಖಲೆ ಕಡಿಮೆ ಎಂದ ಮಾತ್ರಕ್ಕೆ ಗಾಳಿ ಕಡಿಮೆ ಎಂದಾಗುವುದಿಲ್ಲ. ಸುಂಟರಗಾಳಿಯೇ ಬೇಕೆಂದೂ ಇಲ್ಲ. 2024ರ ಮೇ 13ರಂದು ಮುಂಬೈಯ ಘಾಟ್ಕೋಪರ್‌ನಲ್ಲಿ ಜಾಹೀರಾತು ಫಲಕ ಬಿದ್ದು 17 ಜನ ಸತ್ತದ್ದು ಮುಂಗಾರುಪೂರ್ವದ ಸಾಮಾನ್ಯ ಧೂಳುಗಾಳಿಗೆ.

ರೇಡಾರ್, ಉಪಗ್ರಹಗಳಿರುವಾಗ ಕಾಲ್ನಡಿಗೆಯ ಸಮೀಕ್ಷೆ ಯಾಕೆ ಎಂಬುದು ಇನ್ನೊಂದು ಆಕ್ಷೇಪ. ದೇಶದಲ್ಲಿ ಮೊದಲಿಗೆ, 2002ರಲ್ಲಿ, ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಪಡೆದ ಚೆನ್ನೈ ಚಂದಾಪುರದಿಂದ ಸುಮಾರು 280 ಕಿ.ಮೀ. ದೂರದಲ್ಲಿದೆ. ಭೂಮಿ ದುಂಡಗಿರುವ ಕಾರಣ ಅಷ್ಟು ದೂರದಲ್ಲಿ ಅದರ ಕಿರಣ ನಮ್ಮ ನೆಲದಿಂದ ಮೂರು ಕಿಲೋಮೀಟರಿಗೂ ಮೇಲೆ ಹಾದುಹೋಗುತ್ತದೆ. ಮೋಡದ ನಡು ಅದಕ್ಕೆ ಕಾಣುತ್ತದೆ, ಶೆಡ್ಡಿನ ಸೂರಿಗೆ ಬಡಿಯುವ ಗಾಳಿ ಕಾಣುವುದಿಲ್ಲ. ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವೇನೂ ಅಲ್ಲ. 1988ರಲ್ಲೇ ಬರ ನಿಗಾ ಘಟಕ ಕಟ್ಟಿ, ಅದನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಸಿ, ಗ್ರಾಮ ಪಂಚಾಯಿತಿ ಮಟ್ಟದವರೆಗೆ ದೂರಸಂವೇದಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಗಾಳಿಯನ್ನೂ ಅಳೆಯುವ ಹವಾಮಾನ ಕೇಂದ್ರಗಳನ್ನೂ ನೆಟ್ಟ ರಾಜ್ಯವಿದು. ಇಷ್ಟಾದರೂ ಹಳೆಯ ತಾರತಮ್ಯ ಹೋಗಿಲ್ಲ ಎಂಬುದನ್ನು ಗಮನಿಸಿ: ಮಳೆಗೆ ಪಂಚಾಯಿತಿ, ಗಾಳಿಗೆ ಹೋಬಳಿ. ಆನೇಕಲ್ ತಾಲ್ಲೂಕಿಗೆ ಕಸಬಾ, ಅತ್ತಿಬೆಲೆ, ಸರ್ಜಾಪುರ, ಜಿಗಣಿ ಎಂದು ನಾಲ್ಕೇ ಹೋಬಳಿ. ಹತ್ತು ನಿಮಿಷದ ಗಾಳಿ ಆ ಕೇಂದ್ರಗಳ ನಡುವೆ ನುಸುಳಿಹೋಗಲು ಬೇಕಾದಷ್ಟು ಜಾಗವಿದೆ.

ಎಲ್ಲಕ್ಕಿಂತ ಗಟ್ಟಿಯಾದ ವಾದ ಬೇರೆಯೇ ಇದೆ. ಗಾಳಿ ಹೆಚ್ಚಾಗಿಲ್ಲ, ಕಟ್ಟಿದ್ದು ಕಳಪೆಯಾಗಿದೆ. ಸಂಶೋಧನೆ ಬಿಟ್ಟು ಬೋಲ್ಟು ಬಿಗಿಸಿ ಎಂಬ ವಾದ. ಇದರಲ್ಲಿ ಬಹಳಷ್ಟು ಸತ್ಯವಿದೆ. 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ ತಳಪಾಯ ಹಾಕಿದ ಮೇಲೆ ಹೊಸೂರು ರಸ್ತೆಯ ಎರಡೂ ಬದಿ ತುಂಬಿಕೊಂಡವು: ಬೊಮ್ಮಸಂದ್ರ, ಜಿಗಣಿಗಳ ಕಾರ್ಖಾನೆ ಶೆಡ್ಡುಗಳು, ಕಾರ್ಮಿಕರ ಶೀಟಿನ ಮನೆಗಳು, ಹೂವಿನ ಪಾಲಿಹೌಸುಗಳು, ತಾರಸಿಯ ಮೇಲಿನ ಸೋಲಾರ್ ಫಲಕ ಮತ್ತು ಪ್ಲಾಸ್ಟಿಕ್ ತೊಟ್ಟಿಗಳು, ಕ್ರೇನುಗಳು, ಹೋರ್ಡಿಂಗುಗಳು. ತಗ್ಗಿನ ಹೆಂಚಿನ ಮನೆ ತಡೆದುಕೊಂಡ ಗಾಳಿಗೆ ಇವು ಹಾರುತ್ತವೆ. ಆದರೆ ಯಾವ ಬೋಲ್ಟು ಮೊದಲು ಕಿತ್ತುಬಂತು, ಶೀಟು ಅಂಚಿನಿಂದ ಎದ್ದಿತೋ ನಡುವಿನಿಂದಲೋ, ಬಾಗಿಲು ತೆರೆದಿದ್ದ ಶೆಡ್ಡು ಹೋಯಿತೋ ಮುಚ್ಚಿದ್ದೋ ಎಂಬುದೂ ಗೊತ್ತಾಗುವುದು ಬಿದ್ದ ಜಾಗದಲ್ಲೇ. ಕಳಪೆ ಕೆಲಸವನ್ನು ‘ಪ್ರಕೃತಿ ವಿಕೋಪ’ದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದನ್ನು ತಡೆಯಲಿಕ್ಕೂ ಗಾಳಿ ನಿಜಕ್ಕೂ ಎಷ್ಟಿತ್ತು ಎಂಬ ಪುರಾವೆ ಬೇಕು. ಗಾಳಿ ಐವತ್ತು ಕಿ.ಮೀ. ವೇಗದ್ದೆಂದು ತೋರಿಸಿದರೆ ಗುತ್ತಿಗೆದಾರ ಉತ್ತರ ಹೇಳಬೇಕು. ನಕ್ಷೆಯ 119ನ್ನೂ ದಾಟಿತ್ತೆಂದರೆ ಮಾನಕವನ್ನೇ ಮರಳಿ ನೋಡಬೇಕು.

ಇದಕ್ಕೆ ಹೊಸ ಸಂಸ್ಥೆ ಕಟ್ಟಬೇಕಿಲ್ಲ. ಬಿರುಗಾಳಿ ಬಂದುಹೋದ ಮೇಲೆ ಕಂದಾಯ ಇಲಾಖೆಯವರು ಹೇಗೂ ಸ್ಥಳಕ್ಕೆ ಹೋಗುತ್ತಾರೆ, ಮಹಜರು ಬರೆಯುತ್ತಾರೆ. ಆ ಮಹಜರು ಪರಿಹಾರಕ್ಕಾಗಿ ಬರೆದದ್ದು. ಎಷ್ಟು ಶೀಟು, ಎಷ್ಟು ಮರ, ಎಷ್ಟು ರೂಪಾಯಿ ಎಂಬುದೇ ಅದಕ್ಕೆ ಮುಖ್ಯ. ಮರ ಅಥವಾ ಕಂಬ ಯಾವ ದಿಕ್ಕಿಗೆ ಬಿತ್ತು, ಎಷ್ಟು ಗಂಟೆಗೆ, ಮಳೆಗೆ ಮೊದಲೋ ಆಮೇಲೋ ಎಂಬ ಮೂರು ಅಂಕಣಗಳನ್ನು ಅದಕ್ಕೆ ಸೇರಿಸಿ, ಸ್ಥಳ–ಸಮಯ ಮುದ್ರಿತವಾದ ಒಂದು ಫೋಟೊ ಲಗತ್ತಿಸಿದರೆ ಸಾಕು. ಬೆಸ್ಕಾಂ ಲೈನ್‌ಮನ್‌ಗಳು ಬಿದ್ದ ಕಂಬಗಳ ಬಗ್ಗೆ ಇದನ್ನೇ ಬರೆಯಬಲ್ಲರು, ಕೈಗಾರಿಕಾ ಸಂಘಗಳು ತಮ್ಮ ಶೆಡ್ಡುಗಳ ಬಗ್ಗೆ ಬರೆಯಬಲ್ಲವು. ವಿಕೋಪ ಉಸ್ತುವಾರಿ ಕೇಂದ್ರ ಮಳೆಯ ಅಂಕಿಗಳ ಜೊತೆಗೆ ಇವನ್ನೂ ಸಂಗ್ರಹಿಸಿ, ಯಾರು ಬೇಕಾದರೂ ನೋಡುವಂತೆ ಇಡಲಿ. ಮುಂದಿನ ಅಶ್ವಿನಿ ಮಳೆಗೆ ಮೊದಲು ಆನೇಕಲ್ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಾದರೂ ಈ ಕೆಲಸ ಶುರುವಾಗಬೇಕು.