ಹೊಸ ಸೇರ್ಪಡೆಯೂ ಪರಿಶೋಧನೆಯೂ

ಹಳಗನ್ನಡವನ್ನು ಓದಿದವರಿಗೆ ‘ೞ’ ಎಂಬ ಅಕ್ಷರ ಪರಿಚಿತವಾದುದು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ರಳವೆಂದು ಕರೆದು, ಕುಳ ಕ್ಷಳಗಳಿಂದ ಬೇರ್ಪಡಿಸಿ ಹೇಳಿದ್ದಾನೆ. ಆದರೆ ಗಣಕಯಂತ್ರದ ಅಕ್ಷರಪಟ್ಟಿಯನ್ನು ತೆರೆದು ನೋಡಿದರೆ, ಇದರ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫ’ ಎಂದಿರುತ್ತದೆ! ಹತ್ತನೆಯ ತರಗತಿಯ ಹುಡುಗನೊಬ್ಬ ಇದನ್ನು ನನಗೆ ತೋರಿಸಿ, “ಸಾರ್, ನೀವು ಹೇಳಿಕೊಟ್ಟದ್ದು ತಪ್ಪೋ, ಇದು ತಪ್ಪೋ?” ಎಂದು ಕೇಳಿದನು. ತಪ್ಪು ಪಟ್ಟಿಯದೇ. ಅದನ್ನು ಏಕೆ ತಿದ್ದಲಿಲ್ಲ ಎಂಬುದಕ್ಕೆ ಒಂದು ಚರಿತ್ರೆಯಿದೆ.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವನ್ನು ಒದಗಿಸುವ ಯೂನಿಕೋಡ್ ಪಟ್ಟಿಯ ಮೊದಲ ಸಂಪುಟ ಹೊರಬಂದದ್ದು 1991ರಲ್ಲಿ. ಭಾರತದ ಲಿಪಿಗಳ ಮಟ್ಟಿಗೆ ಅದಕ್ಕೆ ಆಧಾರ ನಮ್ಮ ದೇಶದ 1988ರ ‘ಇಸ್ಕಿ’ ಕ್ರಮ. ನಮ್ಮ ೞಕಾರ ಪಟ್ಟಿಗೆ ಸೇರಿತು, ಆದರೆ ತಪ್ಪು ಹೆಸರಿನೊಡನೆ ಸೇರಿತು. 1996ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ ಮುಂದಕ್ಕೆ, ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸತಕ್ಕದ್ದಲ್ಲ, ಸೇರಿದ ಅಕ್ಷರವನ್ನು ತೆಗೆಯತಕ್ಕದ್ದಲ್ಲ ಎಂಬ ಕಟ್ಟಳೆಯಾಯಿತು. ಅಸಂಖ್ಯ ತಂತ್ರಾಂಶಗಳು ಆ ಪಟ್ಟಿಯನ್ನು ನಂಬಿ ನಿಂತಿರುವಾಗ ಬೇರೆ ದಾರಿಯೂ ಇರಲಿಲ್ಲ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಉಪನಾಮವಾಗಿ ಪಕ್ಕದಲ್ಲಿ ನಿಂತಿದೆ.

ಯೂನಿಕೋಡ್ ಒಂದು ಪಟ್ಟಿ, ತಂತ್ರಾಂಶವಲ್ಲ. ಆದರೆ ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳಿಗೂ ಇದೇ ತೊಡಕು. ಹೊಸತನ್ನು ಎಷ್ಟು ಬೇಗ ಸೇರಿಸಬೇಕು, ಎಷ್ಟು ಪರಿಶೋಧಿಸಿ ಸೇರಿಸಬೇಕು?

ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸಿನಲ್ಲಿ ಬಹುಕಾಲ ಎರಡು ಕವಲುಗಳಿದ್ದುವು. ಸಮಸಂಖ್ಯೆಯದು ಬಳಕೆಗೆ, ಬೆಸಸಂಖ್ಯೆಯದು ಪ್ರಯೋಗಕ್ಕೆ. ಕ್ರಮವೇನೋ ಚೆನ್ನಾಗಿತ್ತು. ಆದರೆ 2001ರ ಜನವರಿಯ 2.4ರಿಂದ 2003ರ ಡಿಸೆಂಬರಿನ 2.6ಕ್ಕೆ ಬರಲು ಸುಮಾರು ಮೂರು ವರ್ಷ ಹಿಡಿಯಿತು. ಅಷ್ಟು ಕಾಲ ಕಾಯಲಾರದ ವಿತರಕರು ಪ್ರಯೋಗದ ಕವಲಿನ ಅಂಶಗಳನ್ನು ತಾವೇ ತಂದು ಹಳೆಯದಕ್ಕೆ ತೇಪೆ ಹಾಕಿದರು. ಬಾಗಿಲನ್ನು ಭದ್ರವಾಗಿ ಮುಚ್ಚಿದ್ದರಿಂದ ಕಿಟಕಿಯ ಮೂಲಕ ನುಗ್ಗಿದಂತಾಯಿತು! 2005ರಿಂದ ಬೇರೆ ಪದ್ಧತಿ ಬಂದಿತು. ಪ್ರತಿ ಆವೃತ್ತಿಗೂ ಮೊದಲ ಎರಡು ವಾರ ಹೊಸ ಸೇರ್ಪಡೆಗೆ. ಅನಂತರದ ಆರೇಳು ವಾರಗಳಲ್ಲಿ ದೋಷಗಳ ತಿದ್ದುಪಡಿಗೆ ಮಾತ್ರ ಅವಕಾಶ. ಆ ಅವಧಿ ತಪ್ಪಿದವರು ಮುಂದಿನ ಸರದಿಗೆ ಕಾಯಬೇಕು. ಆದರೆ ವರ್ಷಗಟ್ಟಲೆ ಕಾಯಬೇಕಾಗಿಲ್ಲ.

ಕಾವಲು ಸಡಿಲವಾದರೆ ಏನಾದೀತೆಂಬುದಕ್ಕೆ ಓಪನ್ ಎಸ್‌ಎಸ್‌ಎಲ್ ಸಾಕ್ಷಿ. ಅಂತರಜಾಲದಲ್ಲಿ ಗುಟ್ಟನ್ನು ಕಾಯುವ ತಂತ್ರಾಂಶವಿದು. ಎರಡು ಯಂತ್ರಗಳ ನಡುವೆ ಸಂಪರ್ಕವಿದೆಯೇ ಎಂದು ವಿಚಾರಿಸಿಕೊಳ್ಳುವ ‘ಹಾರ್ಟ್‌ಬೀಟ್’ ಎಂಬ ಹೊಸ ಸೌಕರ್ಯ 2012ರ ಮಾರ್ಚಿನ ಆವೃತ್ತಿಯಲ್ಲಿ ಬಂದಿತು. ಕೇಳುವವನು ಒಂದು ಮಾತನ್ನೂ ಅದರ ಉದ್ದವನ್ನೂ ಕಳುಹಿಸುತ್ತಾನೆ. ಉತ್ತರಿಸುವ ಯಂತ್ರ ಅದನ್ನೇ ಹಿಂದಿರುಗಿಸುತ್ತದೆ. ಆದರೆ ಹೇಳಿದ ಉದ್ದ ನಿಜವೇ ಎಂದು ಅಳೆದು ನೋಡುವ ಸಾಲೊಂದು ಬಿಟ್ಟುಹೋಗಿತ್ತು. ಒಂದು ಪಾವು ಅಕ್ಕಿ ಕೊಟ್ಟು, “ಒಂದು ಮೂಟೆ ಕೊಟ್ಟಿದ್ದೇನೆ, ಹಿಂದಕ್ಕೆ ಕೊಡಿ” ಎಂದವನಿಗೆ ಅಂಗಡಿಯವನು ತನ್ನ ಉಗ್ರಾಣದಿಂದ ತುಂಬಿಕೊಟ್ಟಂತೆ, ಯಂತ್ರ ತನ್ನ ನೆನಪಿನಲ್ಲಿದ್ದ ಗುಟ್ಟುಗಳನ್ನು ತುಂಬಿ ಕಳುಹಿಸುತ್ತಿತ್ತು. ದೋಷ ಬಯಲಾದದ್ದು 2014ರ ಏಪ್ರಿಲಿನಲ್ಲಿ. ಮೂಲಬರಹ ಎಲ್ಲರಿಗೂ ತೆರೆದಿತ್ತು. ಸೇರುವ ಮುನ್ನ ಅದನ್ನು ಪರೀಕ್ಷಿಸಿದವರು ಮಾತ್ರ ಒಬ್ಬರೇ.

ನಮ್ಮ ಓಲೆಗರಿಗಳ ಕಥೆಯೂ ಇಂತಹುದೇ ಅಲ್ಲವೆ? ಪ್ರತಿಕಾರರು ಸೇರಿಸಿದ ಪದ್ಯಗಳು ಮೂಲದೊಡನೆ ಬೆರೆತುಹೋದ ಮೇಲೆ, ಹಲವು ಪ್ರತಿಗಳನ್ನು ಹೋಲಿಸಿ ಪ್ರಕ್ಷಿಪ್ತಗಳನ್ನು ಬೇರ್ಪಡಿಸಲು ವಿದ್ವಾಂಸರು ಎಷ್ಟು ಶ್ರಮಪಟ್ಟರು! ಹಾಗೆಂದು ಪ್ರತಿ ಮಾಡುವುದನ್ನೇ ನಿಲ್ಲಿಸಿದ್ದರೆ ಗ್ರಂಥವೇ ಉಳಿಯುತ್ತಿರಲಿಲ್ಲ. ೞಕಾರವೂ ಹಾಗೆಯೇ. ತಪ್ಪು ಹೆಸರಿನಿಂದಲಾದರೂ ಅದು ಸೇರಿದ್ದರಿಂದ ಇಂದು ಹಳಗನ್ನಡ ಕಾವ್ಯವನ್ನು ಗಣಕದಲ್ಲಿ ಅಚ್ಚುಕಟ್ಟಾಗಿ ಬರೆಯಬಹುದಾಗಿದೆ. ಸೇರಿಸಿದ್ದು ತಪ್ಪಲ್ಲ, ಸೇರಿಸುವಾಗ ಹಳಗನ್ನಡ ಬಲ್ಲವನೊಬ್ಬನು ಹೆಸರನ್ನು ಓದಿದ್ದರೆ ಸಾಕಾಗಿತ್ತು.

2021ರಲ್ಲಿ ಯೂನಿಕೋಡಿನ 14ನೆಯ ಆವೃತ್ತಿಗೆ, ಸ್ವರವಿಲ್ಲದ ನಕಾರಕ್ಕೆ ಹಿಂದೆ ಬಳಸುತ್ತಿದ್ದ ‘ನಕಾರ ಪೊಲ್ಲು’ ಸೇರಿತು, ಅದೂ ತನ್ನ ಸರಿಯಾದ ಹೆಸರಿನಿಂದಲೇ. ಅಂತಹ ಪ್ರಸ್ತಾವವನ್ನು ಯಾರು ಬೇಕಾದರೂ ಹಳೆಯ ಬರಹಗಳ ಆಧಾರದೊಡನೆ ಕಳುಹಿಸಬಹುದು. ಹಲಸೂರಿನಿಂದ ಕೆ.ಆರ್. ಪುರದವರೆಗೆ ಹಳೆ ಮದರಾಸು ರಸ್ತೆಯ ಆಸುಪಾಸಿನಲ್ಲಿ ತಂತ್ರಾಂಶ ಬಲ್ಲ ತರುಣರಿಗೆ ಕೊರತೆಯಿಲ್ಲ. ಹಳಗನ್ನಡ ಬಲ್ಲ ಹಿರಿಯರೂ ಇಲ್ಲದಿಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ಓದುವ ವಾಡಿಕೆ ಬೆಳೆಯಬೇಕಾಗಿದೆ. ಆ ಹುಡುಗನಿಗೆ ನಾನು ಕೊಟ್ಟ ಉತ್ತರವೂ ಇದೇ: “ತಪ್ಪು ಅದರದೇ, ಮಗು. ಆದರೆ ಮುಂದಿನ ಪಟ್ಟಿಯನ್ನು ಅಚ್ಚಾಗುವ ಮೊದಲೇ ನೀನು ಓದು.”