ಐಜಿಎಂಪಿ ಸ್ನೂಪಿಂಗ್

ಐಜಿಎಂಪಿ ಸ್ನೂಪಿಂಗ್ ಎಂಬುದು ಮಲ್ಟಿಕಾಸ್ಟ್ ಸಂಚಾರವನ್ನು ಕೋರಿದ ಪೋರ್ಟ್‌ಗಳಿಗೆ ಮಾತ್ರ ತಲುಪಿಸಲು ಈಥರ್ನೆಟ್ ಸ್ವಿಚ್‌ಗಳು ಅನುಸರಿಸುವ ವಿಧಾನ. ಗಣಕಗಳಿಗೂ ರೌಟರ್‌ಗೂ ನಡುವೆ ಸಾಗುವ ಇಂಟರ್ನೆಟ್ ಗ್ರೂಪ್ ಮ್ಯಾನೇಜ್‌ಮೆಂಟ್ ಪ್ರೋಟೊಕಾಲ್ (ಐಜಿಎಂಪಿ) ಸಂದೇಶಗಳನ್ನು ಸ್ವಿಚ್ ಇಣುಕಿ ನೋಡುವುದರಿಂದ ಈ ಹೆಸರು ಬಂದಿದೆ. ಐಪಿ ಆವೃತ್ತಿ 6ರಲ್ಲಿ ಇದೇ ಕಾರ್ಯವನ್ನು ಎಂಎಲ್‌ಡಿ ಸ್ನೂಪಿಂಗ್ ನಿರ್ವಹಿಸುತ್ತದೆ. ಇವೆರಡರ ಕುರಿತ ಸಲಹೆಗಳು 2006ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 4541ರಲ್ಲಿವೆ.

ಹಿನ್ನೆಲೆ

ಒಂದೇ ದತ್ತಾಂಶವನ್ನು ಏಕಕಾಲದಲ್ಲಿ ಒಂದು ಗುಂಪಿನ ಎಲ್ಲ ಸದಸ್ಯರಿಗೆ ಕಳುಹಿಸುವ ಪದ್ಧತಿಯೇ ಮಲ್ಟಿಕಾಸ್ಟ್. ಐಪಿ ಆವೃತ್ತಿ 4ರಲ್ಲಿ 224.0.0.0ರಿಂದ 239.255.255.255ರವರೆಗಿನ ವಿಳಾಸಗಳು ಇದಕ್ಕೆ ಮೀಸಲಾಗಿವೆ. ಸ್ವಿಚ್ ಕಳುಹಿಸಿದವರ ವಿಳಾಸವನ್ನು ನೋಡಿ ಯಾವ ಯಂತ್ರವು ಯಾವ ಪೋರ್ಟ್‌ನಲ್ಲಿದೆಯೆಂದು ಕಲಿಯುತ್ತದೆ. ಗುಂಪಿನ ವಿಳಾಸವು ಕಳುಹಿಸಿದವರ ವಿಳಾಸವಾಗಿ ಬರುವುದೇ ಇಲ್ಲವಾದ್ದರಿಂದ ಅದನ್ನು ಹೀಗೆ ಕಲಿಯಲಾಗದು. ಆದಕಾರಣ ಸ್ನೂಪಿಂಗ್ ಇಲ್ಲದ ಸ್ವಿಚ್ ಅಂತಹ ಸಂಚಾರವನ್ನು ಎಲ್ಲ ಪೋರ್ಟ್‌ಗಳಿಗೂ ಹರಿಸುತ್ತದೆ. ಉದಾಹರಣೆಗೆ, ತಲಾ 8 ಮೆಗಾಬಿಟ್ ವೇಗದ 20 ಟಿವಿ ವಾಹಿನಿಗಳು ಹರಿದರೆ ಒಟ್ಟು 160 ಮೆಗಾಬಿಟ್ ಆಗುತ್ತದೆ. 100 ಮೆಗಾಬಿಟ್ ಸಾಮರ್ಥ್ಯದ ಪೋರ್ಟ್ ಅದನ್ನು ತಾಳಲಾರದು.

ಕಾರ್ಯವಿಧಾನ

ರೌಟರ್ ನಿಯತಕಾಲಕ್ಕೆ, ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ, ವಿಚಾರಣಾ ಸಂದೇಶವನ್ನು ಕಳುಹಿಸುತ್ತದೆ. ಇದನ್ನು ಕಳುಹಿಸುವ ಸಾಧನಕ್ಕೆ ಕ್ವೆರಿಯರ್ ಎಂದು ಹೆಸರು. ಸದಸ್ಯ ಗಣಕಗಳು ಸದಸ್ಯತ್ವ ವರದಿಯ ಮೂಲಕ ಉತ್ತರಿಸುತ್ತವೆ. ಸ್ವಿಚ್ ಆ ವರದಿ ಬಂದ ಪೋರ್ಟ್ ಅನ್ನು ಗುಂಪಿನ ಪಟ್ಟಿಗೆ ಸೇರಿಸುತ್ತದೆ; ವಿಚಾರಣೆ ಬಂದ ಪೋರ್ಟ್ ಅನ್ನು ರೌಟರ್ ಪೋರ್ಟ್ ಎಂದು ಗುರುತಿಸುತ್ತದೆ. 260 ಸೆಕೆಂಡುಗಳೊಳಗೆ ಹೊಸ ವರದಿ ಬಾರದಿದ್ದರೆ ಸದಸ್ಯತ್ವವು ಸಾಮಾನ್ಯವಾಗಿ ರದ್ದಾಗುತ್ತದೆ.

ಕ್ವೆರಿಯರ್‌ನ ಅಗತ್ಯ

ಮಲ್ಟಿಕಾಸ್ಟ್ ರೌಟರ್ ಇಲ್ಲದ ಜಾಲದಲ್ಲಿ ಸ್ನೂಪಿಂಗ್ ಅನ್ನು ಮಾತ್ರ ಚಾಲೂ ಮಾಡಿದರೆ ವಿಚಾರಣೆ ನಡೆಸುವವರೇ ಇರುವುದಿಲ್ಲ. ಗಣಕವು ಗುಂಪಿಗೆ ಸೇರುವಾಗ ತಾನಾಗಿ ವರದಿ ಕಳುಹಿಸುವುದರಿಂದ ಚಿತ್ರವು ಮೊದಲು ಸರಿಯಾಗಿ ಮೂಡಿ, ನಾಲ್ಕು ನಿಮಿಷಗಳ ನಂತರ ನಿಂತುಹೋಗಬಹುದು. ಆಗ ದೋಷವು ಕ್ಯಾಮೆರಾದಲ್ಲಿಯೋ ಟಿವಿಯಲ್ಲಿಯೋ ಇದೆಯೆಂಬ ತಪ್ಪು ಗ್ರಹಿಕೆ ಉಂಟಾಗುವುದುಂಟು. ಸ್ನೂಪಿಂಗ್ ಅನ್ನು ನಿಲ್ಲಿಸಿದರೆ ಚಿತ್ರ ಮರಳುತ್ತದೆಯಾದರೂ ಸಂಚಾರವು ಮತ್ತೆ ಎಲ್ಲೆಡೆ ಹರಿಯುತ್ತದೆ. ಪ್ರತಿ ವಿಎಲ್ಯಾನ್‌ನಲ್ಲಿ ಒಂದು ಸ್ವಿಚ್‌ಗೆ ಕ್ವೆರಿಯರ್ ಕಾರ್ಯವನ್ನು ವಹಿಸುವುದೇ ಸೂಕ್ತ ಪರಿಹಾರ. ಹಲವು ಕ್ವೆರಿಯರ್‌ಗಳಿದ್ದಲ್ಲಿ ಅತಿ ಕಡಿಮೆ ಐಪಿ ವಿಳಾಸವುಳ್ಳದ್ದು ಆಯ್ಕೆಯಾಗುತ್ತದೆ.

ಪೋರ್ಟ್ ಹೊಂದಿಕೆಗಳು

* ಸ್ಥಿರ ರೌಟರ್ ಪೋರ್ಟ್: ಈ ಪೋರ್ಟ್‌ನಲ್ಲಿ ರೌಟರ್ ಇದೆಯೆಂದು ನಿರ್ವಾಹಕರೇ ಸೂಚಿಸುವುದು.
* ತಕ್ಷಣದ ನಿರ್ಗಮನ: ನಿರ್ಗಮನ ಸಂದೇಶ ಬಂದೊಡನೆ, ಮರುವಿಚಾರಣೆಗೆ ಕಾಯದೆ ಹರಿವನ್ನು ನಿಲ್ಲಿಸುವುದು. ಒಂದೇ ಗ್ರಾಹಕ ಯಂತ್ರವಿರುವ ಪೋರ್ಟ್‌ಗೆ ಇದು ಯೋಗ್ಯ. ಆ ಪೋರ್ಟ್‌ಗೆ ಇನ್ನೊಂದು ಸ್ವಿಚ್ ಜೋಡಿಸಿದ್ದರೆ ಒಬ್ಬರು ಹೊರಬಂದಾಗ ಉಳಿದವರಿಗೂ ಹರಿವು ಕಡಿಯುತ್ತದೆ.
* ಗುಂಪುಗಳ ಮಿತಿ: ಒಂದು ಪೋರ್ಟ್ ಸೇರಬಹುದಾದ ಗುಂಪುಗಳ ಸಂಖ್ಯೆಯನ್ನು ನಿಗದಿಪಡಿಸುವುದು.

ಮಿತಿಗಳು

224.0.0.0ರಿಂದ 224.0.0.255ರವರೆಗಿನ ವಿಳಾಸಗಳನ್ನು ರೌಟಿಂಗ್ ಮುಂತಾದ ಪ್ರೋಟೊಕಾಲ್‌ಗಳು ಬಳಸುತ್ತವೆ. ಆದ್ದರಿಂದ ಇವುಗಳ ಸಂಚಾರವನ್ನು ಸ್ನೂಪಿಂಗ್ ಇದ್ದರೂ ಎಲ್ಲ ಪೋರ್ಟ್‌ಗಳಿಗೆ ಕಳುಹಿಸಬೇಕಾಗುತ್ತದೆ. ಅಲ್ಲದೆ 32 ಐಪಿ ಗುಂಪು ವಿಳಾಸಗಳು ಒಂದೇ ಈಥರ್ನೆಟ್ ವಿಳಾಸವನ್ನು ಹಂಚಿಕೊಳ್ಳುತ್ತವೆ. ಈಥರ್ನೆಟ್ ವಿಳಾಸವನ್ನಷ್ಟೇ ಗಮನಿಸುವ ಸ್ವಿಚ್‌ಗಳಲ್ಲಿ ಬೇಡದ ಗುಂಪಿನ ಸಂಚಾರವೂ ಬರಬಹುದು.