ಸಾಸಿವೆಯ ಕಟುತ್ವ: ಒಂದು ವಿಚಾರದ ಚರಿತ್ರೆ

ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೂ ನೀರು ಹಾಕಿ ಅರೆದ ಹಸಿ ಸಾಸಿವೆಗೂ ರುಚಿಯಲ್ಲಿ ಎಷ್ಟು ಅಂತರವುಂಟೆಂಬುದು ನಮ್ಮ ಅಡಿಗೆಮನೆಗಳಿಗೆ ಹೊಸ ಸಂಗತಿಯಲ್ಲ. ಮೊದಲನೆಯದು ಸೌಮ್ಯ, ಎರಡನೆಯದು ಮೂಗಿಗೇರಿ ಕಣ್ಣಲ್ಲಿ ನೀರು ತರಿಸುತ್ತದೆ. ಕಾಳು ಒಂದೇ ಆಗಿರುವಾಗ ಈ ಕಟುತ್ವ ಎಲ್ಲಿಂದ ಬಂದಿತು? ಅದರಿಂದ ಗಿಡಕ್ಕೆ ಪ್ರಯೋಜನವೇನು? ಮೊದಲನೆಯ ಪ್ರಶ್ನೆಗೆ ಯುರೋಪಿನ ರಸಾಯನಶಾಸ್ತ್ರಜ್ಞರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಉತ್ತರವಿತ್ತರು. ಎರಡನೆಯದು ಇನ್ನೂ ನೂರು ವರ್ಷಗಳಿಗೂ ಮಿಕ್ಕಿ ಕಾಯಬೇಕಾಯಿತು.

ಕ್ರಿ.ಶ. 1840ರಲ್ಲಿ ಫ್ರಾನ್ಸಿನ ಬುಸ್ಸಿ ಎಂಬ ಔಷಧಶಾಸ್ತ್ರಜ್ಞನು ಕರಿಸಾಸಿವೆಯಿಂದ ಎರಡು ದ್ರವ್ಯಗಳನ್ನು ಬೇರ್ಪಡಿಸಿದನು. ಒಂದು, ಗಂಧಕವನ್ನೊಳಗೊಂಡ, ಘಾಟಿಲ್ಲದ ಲವಣ, ಇದೇ ಸಿನಿಗ್ರಿನ್. ಇನ್ನೊಂದು, ಮೈರೊಸಿನ್ ಎಂಬ ಕಿಣ್ವ. ನೀರಿನ ಸಂಪರ್ಕದಲ್ಲಿ ಇವೆರಡೂ ಕೂಡಿದಾಗಲೇ ಸಾಸಿವೆಯ ತೀಕ್ಷ್ಣ ತೈಲವು ಹುಟ್ಟುತ್ತದೆ. ಕಾದೆಣ್ಣೆಯ ಶಾಖಕ್ಕೆ ಕಿಣ್ವವು ಕೆಟ್ಟುಹೋಗುವುದರಿಂದ ಒಗ್ಗರಣೆಯ ಸಾಸಿವೆ ಸೌಮ್ಯವಾಗಿಯೇ ಉಳಿಯುತ್ತದೆ. 1890ರಲ್ಲಿ ಗಿನ್ಯಾರ್ ಎಂಬ ಸಸ್ಯಶಾಸ್ತ್ರಜ್ಞನು ಈ ಕಿಣ್ವವು ಪ್ರತ್ಯೇಕ ಜೀವಕೋಶಗಳಲ್ಲಿ ಬಂದಿಯಾಗಿರುವುದನ್ನು ತೋರಿಸಿದನು. ಬ್ಯಾಂಕಿನ ಭದ್ರಕೋಣೆಗೆ ಎರಡು ಕೀಲಿಕೈಗಳಿದ್ದು, ಅವು ಇಬ್ಬರು ಅಧಿಕಾರಿಗಳ ವಶದಲ್ಲಿರುತ್ತವೆ. ಆ ವೃತ್ತಿಯವನಾದ ನನಗೆ ಈ ಏರ್ಪಾಡು ಪರಿಚಿತವಾದುದೇ. ಆದರೆ ಸಾಸಿವೆಯಲ್ಲಿ ಒಂದು ವಿಶೇಷವುಂಟು: ಎಲೆಯನ್ನು ಕಡಿದ ಕಳ್ಳನೇ ಎರಡು ಕೀಲಿಗಳನ್ನೂ ಕೂಡಿಸಿ ವಿಷವನ್ನು ಬಾಯಿಗೆ ತಂದುಕೊಳ್ಳುತ್ತಾನೆ.

ಇಷ್ಟು ತಿಳಿದ ಮೇಲೂ ಇದು ಗಿಡದ ಆತ್ಮರಕ್ಷಣೆಯೆಂದು ಒಮ್ಮತವೇಕೆ ಮೂಡಲಿಲ್ಲ? ಜರ್ಮನಿಯ ಯೇನಾ ನಗರದ ಸ್ಟಾಲ್ ಎಂಬ ಪಂಡಿತನು 1888ರಷ್ಟು ಹಿಂದೆಯೇ, ಗಿಡಗಳ ಒಗರು ಕಹಿಗಳು ಬಸವನಹುಳುಗಳನ್ನು ದೂರವಿರಿಸುತ್ತವೆಂದು ಪ್ರಯೋಗಪೂರ್ವಕವಾಗಿ ವಾದಿಸಿದ್ದನು. ಆದರೆ ಇಂಥ ದ್ರವ್ಯಗಳು ಜೀವನಕ್ರಿಯೆಯಲ್ಲಿ ಉಳಿದುಹೋದ ಕಸವೆಂಬ ಭಾವನೆ ವಿದ್ವಾಂಸರಲ್ಲಿ ಬಹುಕಾಲ ಬಾಳಿತು. ಮೇಲಾಗಿ ಕಣ್ಣಿಗೆ ಕಾಣುವ ಒಂದು ಆಕ್ಷೇಪವೂ ಇತ್ತು. ಎಲೆಕೋಸು, ಮೂಲಂಗಿ, ಸಾಸಿವೆಗಳ ಎಲೆಗಳನ್ನು ಕೆಲವು ಕಂಬಳಿಹುಳುಗಳು ಜರಡಿ ಮಾಡಿಬಿಡುತ್ತವಲ್ಲ! ವಿಷವಾದರೆ ಅವು ತಿನ್ನುವುದೆಂತು?

1910ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವರ್‌ಶಾಫೆಲ್ಟ್ ಎಂಬವನು ನಡೆಸಿದ ಪ್ರಯೋಗವು ಈ ಆಕ್ಷೇಪಕ್ಕೆ ಇನ್ನಷ್ಟು ಬಲ ಕೊಡುವಂತೆ ತೋರುತ್ತದೆ. ಕೋಸಿನ ಬಿಳಿಚಿಟ್ಟೆಯ ಮರಿಗಳು ಸಾಮಾನ್ಯವಾಗಿ ಮುಟ್ಟದ ಎಲೆಗಳಿಗೆ ಅವನು ಸಾಸಿವೆ ಕುಲದ ಗಿಡವೊಂದರ ರಸವನ್ನು ಬಳಿದನು, ಅವು ತಿಂದವು. ಸಿನಿಗ್ರಿನ್ ಬಳಿದಾಗಲೂ ಹಾಗೆಯೇ ಆಯಿತು. ನನ್ನ ಅಭಿಪ್ರಾಯದಲ್ಲಿ ಈ ಚರಿತ್ರೆಯ ಅತಿ ಸುಂದರವಾದ ಪ್ರಯೋಗವಿದು. ಆದರೆ ಇದರ ಪೂರ್ಣಾರ್ಥ ಹೊರಬೀಳಲು ಅರ್ಧ ಶತಮಾನ ಹಿಡಿಯಿತು. 1959ರಲ್ಲಿ ಫ್ರೆಂಕೆಲ್ ಎಂಬ ಕೀಟಶಾಸ್ತ್ರಜ್ಞನು ಪ್ರಶ್ನೆಯನ್ನೇ ತಿರುಗಿಸಿ ನಿಲ್ಲಿಸಿದನು: ಈ ದ್ರವ್ಯಗಳಿರುವುದು ಬಹುಪಾಲು ಕೀಟಗಳನ್ನು ಓಡಿಸಲೆಂದೇ, ಆ ತಡೆಯನ್ನು ದಾಟಿದ ಕೆಲವಕ್ಕೆ ಅದೇ ವಾಸನೆ ಆಹಾರದ ಗುರುತಾಗುತ್ತದೆ. 1964ರಲ್ಲಿ ಅಮೆರಿಕೆಯ ಎರ್ಲಿಕ್ ಮತ್ತು ರೇವನ್ ಇದನ್ನು ಬೆಳೆಸಿ, ಚಿಟ್ಟೆಗಳೂ ಗಿಡಗಳೂ ಒಂದನ್ನೊಂದು ಮಾರ್ಪಡಿಸುತ್ತ ವಿಕಾಸ ಹೊಂದಿದವೆಂದು ಪ್ರತಿಪಾದಿಸಿದರು.

ವಾದಕ್ಕೆ ಪುರಾವೆ ಬೇಕಷ್ಟೆ. 1974ರಲ್ಲಿ ಎರಿಕ್ಸನ್ ಮತ್ತು ಫೀನಿ ಎಂಬುವರು ಸೆಲರಿ ಸೊಪ್ಪಿಗೆ ಸಿನಿಗ್ರಿನ್ ಹೀರಿಸಿ, ಸಾಸಿವೆ ಕುಲಕ್ಕೆ ಒಗ್ಗದ ಚಿಟ್ಟೆಯೊಂದರ ಮರಿಗಳಿಗೆ ತಿನ್ನಿಸಿದರು. ಸಾಸಿವೆ ಕುಲದ ಗಿಡಗಳಲ್ಲಿ ಸಹಜವಾಗಿರುವಷ್ಟು ಪ್ರಮಾಣಕ್ಕೇ ಮರಿಗಳು ಸತ್ತವು. ವರ್‌ಶಾಫೆಲ್ಟನ ಹುಳು ಬಯಸಿ ತಿಂದುದು ಇದನ್ನೇ! ಅದು ಬದುಕುವ ಗುಟ್ಟು ರಟ್ಟಾದದ್ದು ಈ ಶತಮಾನದಲ್ಲಿ, ಸ್ಟಾಲನ ಯೇನಾ ನಗರದಲ್ಲಿಯೇ. ವಜ್ರಬೆನ್ನಿನ ಪತಂಗದ ಮರಿಯು, ಕಿಣ್ವವು ಕೆಲಸಕ್ಕೆ ತೊಡಗುವ ಮೊದಲೇ ಸಿನಿಗ್ರಿನ್ನಿನಂಥ ದ್ರವ್ಯಗಳ ಸಲ್ಫೇಟ್ ಭಾಗವನ್ನು ಕಿತ್ತುಹಾಕುತ್ತದೆಂದು 2002ರಲ್ಲಿ ಪ್ರಕಟವಾಯಿತು; ಆಮೇಲೆ ಕಿಣ್ವಕ್ಕೆ ಅಲ್ಲಿ ಕೆಲಸವಿಲ್ಲ. ಬಿಳಿಚಿಟ್ಟೆಯ ದಾರಿ ಬೇರೆ. ಅದರ ಕರುಳಿನ ಒಂದು ಪ್ರೋಟೀನು ಕ್ರಿಯೆಯನ್ನು ತಡೆಯದೆ, ತೀಕ್ಷ್ಣ ತೈಲದ ಬದಲು ಅಷ್ಟೇನೂ ವಿಷವಲ್ಲದ ನೈಟ್ರೈಲುಗಳ ಕಡೆಗೆ ತಿರುಗಿಸುತ್ತದೆಂದು 2004ರಲ್ಲಿ ತಿಳಿಯಿತು. ಒಂದೇ ಬೀಗವನ್ನು ಇಬ್ಬರು ಕಳ್ಳರು ಎರಡು ಬಗೆಯಲ್ಲಿ ತೆಗೆದಂತಾಯಿತು.

ಇದು ಪಂಡಿತರ ಕುತೂಹಲ ಮಾತ್ರವೆಂದು ತಿಳಿಯಲಾಗದು. ಈ ವಜ್ರಬೆನ್ನಿನ ಪತಂಗವು ಡಿ.ಡಿ.ಟಿ.ಗೂ ಜಗ್ಗದೆಂಬ ವರದಿ 1953ರಲ್ಲಿಯೇ ಜಾವಾ ದ್ವೀಪದಿಂದ ಬಂದಿತ್ತು. ಮುಂದೆ ಬಂದ ಅನೇಕ ಕೀಟನಾಶಕಗಳನ್ನೂ ಅದು ಅರಗಿಸಿಕೊಂಡಿತು. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದ ಉಪಾಯವು ಹುಳುವಿನ ಸಾಸಿವೆ ಮೋಹವನ್ನೇ ನೆಚ್ಚಿದೆ. ಎಲೆಕೋಸಿನ ಒಂಬತ್ತು ಸಾಲುಗಳಿಗೆ ಸಾಸಿವೆಯ ಎರಡು ಸಾಲು. ಒಂದನ್ನು ಕೋಸು ನೆಡುವ ಹದಿನೈದು ದಿನ ಮುಂಚೆ ಬಿತ್ತಬೇಕು, ಇನ್ನೊಂದನ್ನು ನೆಟ್ಟ ಇಪ್ಪತ್ತೈದು ದಿನಗಳಿಗೆ. ಪತಂಗಗಳು ಕೋಸನ್ನು ಬಿಟ್ಟು ಬಹುಮಟ್ಟಿಗೆ ಸಾಸಿವೆಯ ಮೇಲೆಯೇ ಮೊಟ್ಟೆಯಿಡುತ್ತವೆ.